45 ಇದ್ದ ತಾಯಿ, 46 ಇದ್ದ ಭ್ರೂಣ: ಒಂದು ಪ್ರಕರಣ

ಆ ದಂಪತಿ ನನ್ನೆದುರು ಬಂದು ಕೂತಾಗ ಕೈಯಲ್ಲಿ ಎರಡು ರಿಪೋರ್ಟ್ ಇದ್ದವು. ಒಂದರಲ್ಲಿ ವರ್ಣತಂತುಗಳ ಸಂಖ್ಯೆ 46, ಇನ್ನೊಂದರಲ್ಲಿ 45. ಮೊದಲನೆಯದು ಉಳಿಯದೆ ಹೋದ ಗರ್ಭದ್ದು. ಎರಡನೆಯದು ಆಕೆಯದೇ. ಗಂಡ ಕುರ್ಚಿ ಮುಂದೆ ಎಳೆದುಕೊಂಡು ಕೇಳಿದರು: “ಮೇಡಂ, ಇವೆರಡೂ ಅದಲುಬದಲಾಗಿವೆ ಅಲ್ವಾ?”

ಹಾಗೆ ಅನಿಸುವುದು ಸಹಜವೇ. ಮನುಷ್ಯರಿಗೆ 46 ವರ್ಣತಂತು ಅಂತ ಎಲ್ಲರೂ ಶಾಲೆಯಲ್ಲೇ ಕಲಿತಿರುತ್ತೇವೆ. ಅಂದಮೇಲೆ 46 ಇರುವ ಭ್ರೂಣ ಉಳಿಯಬೇಕಿತ್ತು, 45 ಇರುವವರಿಗೆ ಏನಾದರೂ ತೊಂದರೆ ಇರಬೇಕಿತ್ತು. ಇಲ್ಲಿ ಎಲ್ಲ ತಿರುಗುಮುರುಗು. ಆಕೆಗೆ 29 ವರ್ಷ, ಗಟ್ಟಿಮುಟ್ಟಾಗಿದ್ದಾರೆ, ಹೇಳಿಕೊಳ್ಳುವಂಥ ಕಾಯಿಲೆ ಯಾವತ್ತೂ ಬಂದಿಲ್ಲ.

ನಾನು ಜೆನೆಟಿಕ್ ಕೌನ್ಸೆಲರ್. ಇಂಥ ರಿಪೋರ್ಟುಗಳನ್ನು ಮನೆಮಂದಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಮೊದಲ ಸಲ ಎಂಟನೇ ವಾರದಲ್ಲಿ ಗರ್ಭ ಹೋಯಿತು. ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ, ಒಂದು ಸಲ ಹೀಗಾಗುವುದು ಅಪರೂಪವಲ್ಲ. ಎರಡನೇ ಸಲ ಹನ್ನೊಂದನೇ ವಾರ. ಈ ಸಲ ಡಾಕ್ಟರು ಗರ್ಭದ ಅಂಗಾಂಶವನ್ನು ವರ್ಣತಂತು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ನೋಡಿ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಗಂಡನದು 46, ಮಾಮೂಲು. ಆಕೆಯದು 45.

ಇಷ್ಟರೊಳಗೆ ಮನೆಯಲ್ಲಿ ಬೇಕಾದಷ್ಟು ಮಾತು ಆಗಿಹೋಗಿತ್ತು. ಭಾರ ಎತ್ತಿದ್ದಕ್ಕೆ ಹೀಗಾಯಿತು, ಓಡಾಟ ಜಾಸ್ತಿಯಾಯಿತು, ಮನಸ್ಸಿಗೆ ಹಚ್ಚಿಕೊಂಡಳು, ಹೀಗೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ಏರುಪೇರೇ ಕಾರಣ. ಬಿಂದಿಗೆ ಎತ್ತಿದರೆ ವರ್ಣತಂತು ಬದಲಾಗುವುದಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ತನ್ನಿಂದಲೇ ಹೀಗಾಯಿತು ಅನ್ನುವ ಭಾರ ಇಳಿಯದ ಹೊರತು ಉಳಿದ ಯಾವ ಮಾತೂ ಕಿವಿಗೆ ಹೋಗುವುದಿಲ್ಲ.

ಎಣಿಕೆ ತಪ್ಪಿರಬಹುದಾ?

ಗಂಡನ ಅನುಮಾನ ಇನ್ನೂ ಹೋಗಿರಲಿಲ್ಲ. ಎಣಿಸುವವರು ಒಂದನ್ನು ಬಿಟ್ಟಿರಬಹುದಲ್ಲ ಅಂದರು. ಅದಕ್ಕೆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳಬೇಕಾಯಿತು.

ರಕ್ತದ ಕೆಂಪು ಕಣಗಳಲ್ಲಿ ಕೋಶಕೇಂದ್ರ ಇಲ್ಲ, ಹಾಗಾಗಿ ವರ್ಣತಂತೂ ಇಲ್ಲ. ಬೇಕಾಗುವುದು ಬಿಳಿ ಕಣ. ಅದನ್ನು ಸುಮಾರು ಮೂರು ದಿನ ಬೆಚ್ಚಗಿಟ್ಟು ಬೆಳೆಸುತ್ತಾರೆ. ವರ್ಣತಂತು ಬಿಡಿಬಿಡಿಯಾಗಿ ಕಾಣುವುದು ಕೋಶ ಇಬ್ಭಾಗವಾಗುವ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಅದು ಬಿಚ್ಚಿದ ನೂಲಿನ ರಾಶಿ. ಸರಿಯಾಗಿ ಆ ಗಳಿಗೆಯಲ್ಲಿ ಕೋಶವನ್ನು ತಡೆದು ನಿಲ್ಲಿಸಲು ಕಾಲ್ಚಿಸಿನ್ ಜಾತಿಯ ಔಷಧ ಹಾಕುತ್ತಾರೆ. ಆಮೇಲೆ ತೆಳು ಉಪ್ಪುನೀರು ಸೇರಿಸಿ ಕೋಶವನ್ನು ಉಬ್ಬಿಸುತ್ತಾರೆ. ಉಬ್ಬಿದಾಗ ಒಳಗಿನ ತಂತುಗಳು ಒಂದಕ್ಕೊಂದು ಅಂಟದೆ ಹರಡಿಕೊಳ್ಳುತ್ತವೆ. ಕೊನೆಗೆ ಗಾಜಿನ ಮೇಲೆ ಹನಿಸಿ ಬಣ್ಣ ಹಾಕುತ್ತಾರೆ. ಅಡ್ಡಡ್ಡ ಪಟ್ಟೆಗಳು ಮೂಡುತ್ತವೆ. ಬಣ್ಣ ಹೀರುವ ತಂತು ಅಂತಲೇ 1888ರಲ್ಲಿ ಇದಕ್ಕೆ ಕ್ರೋಮೋಸೋಮ್ ಅಂತ ಹೆಸರಿಟ್ಟದ್ದು. ನಮ್ಮ ‘ವರ್ಣತಂತು’ವಿನಲ್ಲೂ ಅದೇ ಬಣ್ಣ.

ಹೀಗೆ ಒಂದೇ ಕೋಶವನ್ನು ನೋಡಿ ರಿಪೋರ್ಟ್ ಬರೆಯುವುದಿಲ್ಲ. ಸಾಮಾನ್ಯವಾಗಿ 20 ಕೋಶ ನೋಡುತ್ತಾರೆ. ಆಕೆಯ 20ರಲ್ಲೂ 45 ಇತ್ತು. ಎಲ್ಲದರಲ್ಲೂ ಅದೇ ಒಂದು ವಿಚಿತ್ರ ತಂತು ಕಾಣಿಸಿತ್ತು.

ಆದರೂ ಗಂಡನ ಅನುಮಾನಕ್ಕೆ ಒಂದು ಇತಿಹಾಸವಿದೆ, ಅದನ್ನು ಹೇಳದೆ ಇರಲು ನನಗೆ ಆಗುವುದಿಲ್ಲ. ಮನುಷ್ಯನ ವರ್ಣತಂತು ಎಷ್ಟು ಅನ್ನುವ ಎಣಿಕೆಯಲ್ಲೇ ವಿಜ್ಞಾನಿಗಳು ಮೂವತ್ತಕ್ಕೂ ಹೆಚ್ಚು ವರ್ಷ ತಪ್ಪಿದ್ದರು! ಥಿಯೋಫಿಲಸ್ ಪೇಂಟರ್ 1923ರಲ್ಲಿ 48 ಅಂದರು. ಪುಸ್ತಕಗಳಲ್ಲಿ 48 ಅಂತಲೇ ಬಂತು. ಆಮೇಲೆ ಎಣಿಸಿದವರಿಗೂ 48 ಸಿಕ್ಕಿತು. ಸಿಗಬೇಕು ಅಂತ ಗೊತ್ತಿದ್ದದ್ದು ಸಿಗದೆ ಇರುತ್ತದೆಯೇ? 1950ರ ದಶಕದ ಶುರುವಿನಲ್ಲಿ ಟಿ.ಸಿ. ಶು ಅವರ ಪ್ರಯೋಗಾಲಯದಲ್ಲಿ ಯಾರೋ ಉಪ್ಪುನೀರನ್ನು ಅಳತೆ ತಪ್ಪಿ ತೆಳ್ಳಗೆ ಮಾಡಿಬಿಟ್ಟರು. ಕೋಶಗಳು ಉಬ್ಬಿ ತಂತುಗಳು ಚೆಂದವಾಗಿ ಹರಡಿಕೊಂಡವು. ಈ ತೆಳು ಉಪ್ಪುನೀರಿನ ಉಪಾಯ ಬಂದದ್ದು ಹಾಗೆ. ತಮಾಷೆ ಅಂದರೆ, ಅಷ್ಟು ಸ್ಪಷ್ಟವಾಗಿ ಕಂಡರೂ ಶು 48 ಅಂತಲೇ ಬರೆದರು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಸೇರಿ 46 ಅಂತ ತೋರಿಸಿ, 1956ರಲ್ಲಿ ಪ್ರಕಟಿಸಿದರು.

“ನೋಡಿ, ಅವರೇ ತಪ್ಪಿದ್ದಾರೆ” ಅಂದರು ಗಂಡ. ಹೌದು, ತಪ್ಪಿದ್ದಾರೆ. ಆದರೆ ಈಗ ಎಣಿಸುವುದಷ್ಟೇ ಅಲ್ಲ, ಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ಎರಡು ರಿಪೋರ್ಟನ್ನೂ ಬಿಡಿಸುವ ಕೀಲಿ ಆ ಗುರುತಿನಲ್ಲೇ ಇತ್ತು.

ಹಾಗಾದರೆ ಕಳೆದದ್ದೇನು?

“ನನ್ನಲ್ಲಿ ಏನೋ ಒಂದು ಇಲ್ಲ, ಅಲ್ವಾ ಮೇಡಂ?” ಅದುವರೆಗೆ ಸುಮ್ಮನಿದ್ದ ಆಕೆ ಕೇಳಿದರು.

ಇಲ್ಲ, ಏನೂ ಕಳೆದಿಲ್ಲ. ಎರಡು ಸೇರಿ ಒಂದಾಗಿದೆ, ಅಷ್ಟೆ.

ವರ್ಣತಂತುವಿಗೆ ಸೊಂಟದ ಹಾಗೆ ಒಂದು ಕಿರಿದಾದ ಜಾಗ ಇರುತ್ತದೆ. ಅದರ ಎರಡು ಕಡೆಗೂ ಒಂದೊಂದು ತೋಳು. ಹೆಚ್ಚಿನ ತಂತುಗಳಲ್ಲಿ ಎರಡು ತೋಳಲ್ಲೂ ಮುಖ್ಯವಾದ ಸರಕಿರುತ್ತದೆ. ಆದರೆ 13, 14, 15, 21, 22ನೇ ತಂತುಗಳು ಬೇರೆ ಥರ. ಇವುಗಳಲ್ಲಿ ಸೊಂಟ ಬಹುತೇಕ ತುದಿಯಲ್ಲೇ ಇದೆ. ಒಂದು ತೋಳು ಉದ್ದ, ಇನ್ನೊಂದು ಬರೀ ಮೋಟು. ಈ ಮೋಟು ತೋಳುಗಳಲ್ಲಿರುವುದು ಮುಖ್ಯವಾಗಿ ರೈಬೋಸೋಮ್ (ಕೋಶದೊಳಗೆ ಪ್ರೋಟೀನ್ ತಯಾರಿಸುವ ಕಣ) ಕಟ್ಟಲು ಬೇಕಾದ ಜೀನ್‌ಗಳು. ಒಂದೊಂದು ನಂಬರಿನ ತಂತುವೂ ಎರಡೆರಡು ಇರುವುದರಿಂದ ಮೋಟು ತೋಳು ಒಟ್ಟು ಹತ್ತು. ಒಂದೇ ಜೀನಿನ ಪ್ರತಿಗಳು ಸಾಲುಸಾಲಾಗಿ ಈ ಹತ್ತರಲ್ಲೂ ಹರಡಿವೆ. ಎರಡು ಮೋಟು ಹೋದರೂ ಎಂಟು ಉಳಿಯುತ್ತವೆ. ದೇಹಕ್ಕೆ ಅದು ಗೊತ್ತೇ ಆಗುವುದಿಲ್ಲ.

ಆಕೆಯಲ್ಲಿ ಒಂದು 14 ಮತ್ತು ಒಂದು 21 ಸೊಂಟದ ಬಳಿ ಕೂಡಿಕೊಂಡಿವೆ. ಮೋಟು ತೋಳುಗಳು ಹೋಗಿವೆ. ಉದ್ದ ತೋಳು ಎರಡೂ ಪೂರ್ತಿ ಇವೆ. ಇನ್ನೊಂದು ಬಿಡಿ 14, ಇನ್ನೊಂದು ಬಿಡಿ 21 ಹಾಗೇ ಇವೆ. ತುಣುಕು ಎಣಿಸಿದರೆ 45. ಸರಕು ನೋಡಿದರೆ ಎಲ್ಲರಿಗಿರುವಷ್ಟೇ.

ಇದಕ್ಕೆ ರಾಬರ್ಟ್‌ಸೋನಿಯನ್ ಸ್ಥಾನಪಲ್ಲಟ ಅಂತ ಹೆಸರು. ವಿಲಿಯಂ ರಾಬರ್ಟ್‌ಸನ್ ಅನ್ನುವವರು 1916ರಲ್ಲಿ ಇದನ್ನು ವಿವರಿಸಿದ್ದು ಮನುಷ್ಯರಲ್ಲಲ್ಲ, ಮಿಡತೆಗಳಲ್ಲಿ. ಮನುಷ್ಯರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ ಯಾವುದಾದರೊಂದು ಬಗೆಯ ಇಂಥ ಜೋಡಣೆ ಇರುತ್ತದೆ. 13 ಮತ್ತು 14 ಕೂಡಿರುವುದು ಎಲ್ಲಕ್ಕಿಂತ ಜಾಸ್ತಿ. ಬಹಳಷ್ಟು ಜನಕ್ಕೆ ಸಾಯುವವರೆಗೂ ಗೊತ್ತಾಗುವುದಿಲ್ಲ.

ಆಕೆಯ ರಿಪೋರ್ಟಿನಲ್ಲಿ “ಅಸಹಜ” ಅನ್ನುವ ಪದ ದಪ್ಪಕ್ಷರದಲ್ಲಿತ್ತು. ನನಗೆ ಆ ಪದ ಕಂಡರೆ ಆಗುವುದಿಲ್ಲ. ಪ್ರಯೋಗಾಲಯದವರಿಗೆ ಅದು ಒಂದು ವರ್ಗದ ಹೆಸರು ಮಾತ್ರ. ಮನೆಯಲ್ಲಿ ಅದು ಬೇರೆ ರೂಪ ತಾಳುತ್ತದೆ. ಇಲ್ಲೂ ತಾಳಿತ್ತು. “ಸೊಸೆಗೆ ಏನೋ ಕಮ್ಮಿ ಇದೆಯಂತೆ ಅಂತ ಅತ್ತೆ ಫೋನಿನಲ್ಲಿ ಹೇಳ್ತಿದ್ದದ್ದು ಕೇಳಿಸ್ತು” ಅಂದರು ಆಕೆ. ಗಂಡ ತಲೆ ತಗ್ಗಿಸಿದರು.

ಮೂರು ಕಾಗದದ ಪಟ್ಟಿಗಳು

ಇನ್ನು 46ರ ಒಗಟು. ಇದನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಮೇಜಿನ ಮೇಲೆ ಮೂರು ಕಾಗದದ ಪಟ್ಟಿ ಇಡುತ್ತೇನೆ. ಉದ್ದದ ನೀಲಿ ಪಟ್ಟಿ ಬಿಡಿ 14. ಗಿಡ್ಡ ಕೆಂಪು ಪಟ್ಟಿ ಬಿಡಿ 21. ಮೂರನೆಯದು ನೀಲಿಗೆ ಕೆಂಪು ಅಂಟಿಸಿದ್ದು.

ಅಂಡಾಣು ತಯಾರಾಗುವಾಗ ವರ್ಣತಂತು ಅರ್ಧಕ್ಕೆ ಇಳಿಯಬೇಕು. ಆಕೆಯ ಅಂಡಾಣುವಿಗೆ ಒಂದು ಪಾಲು ನೀಲಿ, ಒಂದು ಪಾಲು ಕೆಂಪು ಹೋದರೆ ಸರಿ. ಮೂರು ಪಟ್ಟಿಗಳನ್ನು ಎರಡು ಕಡೆಗೆ ಹಂಚಿ ಅಂತ ಇಬ್ಬರಿಗೂ ಹೇಳಿದೆ. ಆಕೆ ಬಿಡಿ ನೀಲಿ ಮತ್ತು ಬಿಡಿ ಕೆಂಪನ್ನು ಒಂದು ಕಡೆ, ಅಂಟಿಸಿದ್ದನ್ನು ಇನ್ನೊಂದು ಕಡೆ ಇಟ್ಟರು. ಎರಡು ಕಡೆಯೂ ಸರಿಯಾದ ಹಂಚಿಕೆಯೇ. ಮೊದಲನೆಯದರಿಂದ ಹುಟ್ಟುವ ಮಗುವಿಗೆ 46, ಎರಡನೆಯದರಿಂದ ಹುಟ್ಟುವ ಮಗುವಿಗೆ ತಾಯಿಯಂತೆಯೇ 45. ಇಬ್ಬರೂ ಆರೋಗ್ಯವಂತರೇ.

ಗಂಡ ಬೇರೆ ಥರ ಹಂಚಿದರು. ಅಂಟಿಸಿದ ಪಟ್ಟಿಯ ಜೊತೆಗೆ ಬಿಡಿ ಕೆಂಪನ್ನು ಇಟ್ಟರು. ಅಂದರೆ ಕೆಂಪು ಎರಡು ಪಾಲು. ಅದಕ್ಕೆ ತಂದೆಯ ಒಂದು 21 ಸೇರಿದರೆ ಮೂರು ಪಾಲು ಆಯಿತು. ಅದೇ ಡೌನ್ ಸಿಂಡ್ರೋಮ್, ಮಗುವಿನ ಬುದ್ಧಿ ಮತ್ತು ಬೆಳವಣಿಗೆ ನಿಧಾನವಾಗುವ ಸ್ಥಿತಿ. ಆದರೆ ತುಣುಕು ಎಣಿಸಿ ನೋಡಿ: ತಾಯಿಯಿಂದ 23, ತಂದೆಯಿಂದ 23, ಒಟ್ಟು 46!

ಅವರು ಮತ್ತೊಮ್ಮೆ ಎಣಿಸಿದರು. ಆಮೇಲೆ ಮೊದಲ ರಿಪೋರ್ಟನ್ನು ತಿರುಗಿಸಿ, ಸಂಖ್ಯೆಯ ಪಕ್ಕದಲ್ಲಿದ್ದ ಉಳಿದ ಅಕ್ಷರಗಳನ್ನು ಮೊದಲ ಸಲ ಓದಿದರು. ಅಲ್ಲಿ ಅದೇ ಬರೆದಿತ್ತು. ಕೂಡಿಕೊಂಡ ತಂತು ಒಂದು, ಜೊತೆಗೆ ಬಿಡಿ 21 ಎರಡು. ರಿಪೋರ್ಟು ಅದಲುಬದಲಾಗಿರಲಿಲ್ಲ. ಇಂಥ ಗರ್ಭ ಉಳಿದು ಮಗು ಹುಟ್ಟಲೂಬಹುದು, ಇಲ್ಲಿ ಆದ ಹಾಗೆ ಹೋಗಲೂಬಹುದು.

ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು 95 ಶೇಕಡ ಜನರಿಗೆ 47 ವರ್ಣತಂತು ಇರುತ್ತದೆ, ಮೂರನೇ 21 ಬಿಡಿಯಾಗಿಯೇ ಇರುತ್ತದೆ. ಮೂರು ನಾಲ್ಕು ಶೇಕಡ ಜನರಲ್ಲಿ ಮಾತ್ರ ಹೀಗೆ ಬೇರೆ ತಂತುವಿಗೆ ಅಂಟಿಕೊಂಡು ಬಂದಿರುತ್ತದೆ. ತಾಯಿಯ ವಯಸ್ಸು ಜಾಸ್ತಿಯಾದಂತೆ ಮಗುವಿಗೆ ಡೌನ್ ಬರುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಮೊದಲ ಬಗೆಗೆ ಸರಿ. ಎರಡನೆಯದಕ್ಕೆ ವಯಸ್ಸಿನ ಹಂಗಿಲ್ಲ. 29ನೇ ವಯಸ್ಸಿಗೇ ಹೀಗೇಕೆ ಅನ್ನುವ ಪ್ರಶ್ನೆಗೂ ಉತ್ತರ ಇದೇ.

ಹಂಚಿಕೆ ಇನ್ನೂ ಮೂರು ರೀತಿ ತಪ್ಪಬಹುದು. 21 ಪೂರ್ತಿ ಬಿಟ್ಟುಹೋಗಬಹುದು, 14 ಬಿಟ್ಟುಹೋಗಬಹುದು, 14 ಎರಡು ಪಾಲಾಗಬಹುದು. ಈ ಮೂರರಲ್ಲಿ ಯಾವುದೂ ಉಳಿಯುವುದಿಲ್ಲ. ಕೆಲವು ಎಷ್ಟು ಬೇಗ ಹೋಗುತ್ತವೆಂದರೆ ಗರ್ಭ ನಿಂತಿತ್ತು ಅನ್ನುವುದೇ ತಿಳಿದಿರುವುದಿಲ್ಲ. ಮೊದಲ ಸಲ ಏನಾಗಿತ್ತು ಅಂತ ಈಗ ಹೇಳಲು ದಾರಿಯಿಲ್ಲ.

“ನಾನೂ ಹೇಸರಗತ್ತೆ ಥರಾನಾ?”

ಎರಡನೇ ಭೇಟಿಗೆ ಅವರು ಓದಿಕೊಂಡು ಬಂದಿದ್ದರು. ಆಕೆಯ ಪ್ರಶ್ನೆಗೆ ನಾನು ತಯಾರಿರಲಿಲ್ಲ. “ಕುದುರೆಗೆ 64, ಕತ್ತೆಗೆ 62, ಅವೆರಡಕ್ಕೂ ಹುಟ್ಟೋ ಹೇಸರಗತ್ತೆಗೆ 63. ಬೆಸ ಸಂಖ್ಯೆ, ಅದಕ್ಕೇ ಮರಿ ಆಗೋಲ್ಲ ಅಂತ ಓದಿದೆ. ನಂದೂ ಬೆಸ ಸಂಖ್ಯೆ. ನಾನೂ ಹಾಗೇನಾ?”

ಸುಮ್ನೆ ಇಲ್ಲ ಅಂದುಬಿಡಬಹುದಿತ್ತು. ಆದರೆ ಇಷ್ಟು ಯೋಚಿಸಿ ಕೇಳಿದವರಿಗೆ ಒಂದು ಪದದ ಉತ್ತರ ಕೊಡುವುದು ಸರಿಯಲ್ಲ.

ಹೇಸರಗತ್ತೆಯ ಕಷ್ಟ ಬೆಸ ಸಂಖ್ಯೆಯದ್ದಲ್ಲ. ಅಂಡಾಣು, ವೀರ್ಯಾಣು ತಯಾರಾಗುವ ಮುನ್ನ ತಾಯಿಯಿಂದ ಬಂದ ತಂತು ತಂದೆಯಿಂದ ಬಂದ ತಂತುವಿನ ಪಕ್ಕ ಬಂದು ಜೋಡಿ ಕೂರಬೇಕು. ಕುದುರೆ ಮತ್ತು ಕತ್ತೆಯ ತಂತುಗಳಲ್ಲಿ ಜೀನ್‌ಗಳ ಸಾಲು ಎಷ್ಟೋ ಕಡೆ ಹಿಂದುಮುಂದಾಗಿದೆ, ಸ್ಥಳ ಬದಲಾಗಿದೆ. ಜೋಡಿ ಕೂರಲು ಹೋದರೆ ಹೊಂದುವುದೇ ಇಲ್ಲ. ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕುದುರೆ ಕುಟುಂಬದಲ್ಲೇ ಇನ್ನೊಂದು ಉದಾಹರಣೆ ಇದೆ. ಮಧ್ಯ ಏಷ್ಯಾದ ಪ್ರ್ಜೆವಾಲ್‌ಸ್ಕಿ ಕಾಡುಕುದುರೆಗೆ 66 ವರ್ಣತಂತು. ಸಾಕುಕುದುರೆಗೆ 64. ಇವೆರಡು ಕೂಡಿ ಹುಟ್ಟುವ ಮರಿಗೆ 65, ಅದೂ ಬೆಸವೇ. ಆದರೆ ಅದಕ್ಕೆ ಮರಿಗಳಾಗುತ್ತವೆ. ಯಾಕೆಂದರೆ ಕಾಡುಕುದುರೆಯಲ್ಲಿ ಎರಡು ಬಿಡಿ ತಂತುಗಳಾಗಿರುವುದೇ ಸಾಕುಕುದುರೆಯಲ್ಲಿ ಒಂದೇ ತಂತುವಾಗಿದೆ. ಒಳಗಿನ ಸಾಲು ಹೊಂದುತ್ತದೆ. ಕೂಡಿಕೊಂಡ ಒಂದರ ಪಕ್ಕದಲ್ಲಿ ಬಿಡಿ ಎರಡೂ ಬಂದು ಕೂರುತ್ತವೆ, ಮೂವರು ಒಂದೇ ಬೆಂಚಿನಲ್ಲಿ ಕೂತ ಹಾಗೆ. ಆಕೆಯ 14 ಮತ್ತು 21 ಕೂಡ ಹೀಗೆಯೇ ಕೂರುತ್ತವೆ. ಆಮೇಲೆ ಏಳುವಾಗ ಯಾರು ಯಾವ ಕಡೆಗೆ ಹೋಗುತ್ತಾರೆ ಅನ್ನುವುದರಲ್ಲಿ ಆಗಾಗ ಎಡವಟ್ಟಾಗುತ್ತದೆ.

ದನಗಳಲ್ಲೂ ಇದೇ ಕಥೆ. ದನಕ್ಕೆ 60 ವರ್ಣತಂತು. 1 ಮತ್ತು 29ನೇ ತಂತು ಕೂಡಿಕೊಂಡ ದನಗಳನ್ನು ಸ್ವೀಡನ್ನಿನ ಇಂಗೆಮಾರ್ ಗುಸ್ತಾವ್‌ಸನ್ 1964ರಲ್ಲಿ ಗುರುತಿಸಿದರು. 59 ಇರುವ ಹಸು ನೋಡಲು ಉಳಿದ ಹಸುಗಳ ಹಾಗೇ ಇರುತ್ತದೆ. ಗರ್ಭ ನಿಲ್ಲುವುದು ಮಾತ್ರ ಸ್ವಲ್ಪ ಕಡಿಮೆ. ಎಮ್ಮೆಗಳಲ್ಲಿ ನದಿ ಎಮ್ಮೆಗೆ 50, ಜೌಗು ಎಮ್ಮೆಗೆ 48. ಇವೆರಡರ ಮಿಶ್ರತಳಿಗೆ 49, ಅದೂ ಕರು ಹಾಕುತ್ತದೆ.

ಗಂಡನಿಗೆ ಇದರಲ್ಲಿ ಆಸಕ್ತಿ ಹುಟ್ಟಿತು. ಸಂಖ್ಯೆ ಜಾಸ್ತಿ ಇದ್ದಷ್ಟೂ ಬುದ್ಧಿ ಜಾಸ್ತಿನಾ ಅಂತ ಕೇಳಿದರು. ಇಲ್ಲವೇ ಇಲ್ಲ. ನಾಯಿಗೆ 78, ಬೆಕ್ಕಿಗೆ 38. ಇದನ್ನು ನೋಡಿ ನಾಯಿ ಸಾಕಿದವರು ಬೀಗಬಹುದು, ಆದರೆ ಕೋಳಿಗೂ 78. ಒಂದು ಜಾತಿಯ ಜರೀಗಿಡಕ್ಕೆ 1,200ಕ್ಕೂ ಹೆಚ್ಚು. ಆಸ್ಟ್ರೇಲಿಯಾದ ಒಂದು ಇರುವೆಯಲ್ಲಿ ಹೆಣ್ಣಿಗೆ ಎರಡೇ, ಗಂಡಿಗೆ ಒಂದೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಡುಕುರಿ, ಅಂದರೆ ಬೊಗಳುವ ಜಿಂಕೆ. ಭಾರತದ ಕಾಡುಕುರಿಯಲ್ಲಿ ಹೆಣ್ಣಿಗೆ 6, ಗಂಡಿಗೆ 7. ಅದರ ಹತ್ತಿರದ ನೆಂಟ, ಚೀನಾದ ಕಾಡುಕುರಿಗೆ 46. ನೋಡಲು ಅಣ್ಣತಮ್ಮಂದಿರ ಹಾಗಿವೆ. ಒಂದರಲ್ಲಿ ತಂತುಗಳು ತುದಿಗೆ ತುದಿ ಕೂಡುತ್ತಾ ಹೋಗಿವೆ, ಇನ್ನೊಂದರಲ್ಲಿ ಬಿಡಿಯಾಗಿ ಉಳಿದಿವೆ.

“ಅಷ್ಟೇ ಯಾಕೆ, ನಾವೆಲ್ಲರೂ ಇಂಥದ್ದೇ ಒಂದು ಜೋಡಣೆಯ ಮಕ್ಕಳು” ಅಂದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್ ಮೂರಕ್ಕೂ 48. ನಮ್ಮ ಪೂರ್ವಿಕರಲ್ಲಿ ಎರಡು ತಂತುಗಳು ತುದಿಗೆ ತುದಿ ಕೂಡಿ ನಮ್ಮ 2ನೇ ವರ್ಣತಂತು ಆಯಿತು. ಸಾಮಾನ್ಯವಾಗಿ ತಂತುವಿನ ತುದಿಯಲ್ಲಿ ಮಾತ್ರ ಇರುವ ಡಿಎನ್‌ಎ ಸಾಲು ಇದರ ನಡುವೆ ಎದುರುಬದುರಾಗಿ ಕೂತಿರುವುದನ್ನು 1991ರಲ್ಲಿ ತೋರಿಸಿದರು. ಅಂದರೆ ಒಂದು ಕಾಲದಲ್ಲಿ 48ರವರ ನಡುವೆ 47ರವರು ಇದ್ದಿರಬೇಕು. ಅವರ ಮನೆಯವರು ಏನಂದರೋ!

ಆಕೆ ಅವತ್ತು ಮೊದಲ ಸಲ ನಕ್ಕರು.

ಅಪ್ಪನ ರಿಪೋರ್ಟ್

ಈ ಜೋಡಣೆ ಒಬ್ಬರಲ್ಲಿ ಹೊಸದಾಗಿಯೂ ಆಗಬಹುದು, ತಂದೆ ಅಥವಾ ತಾಯಿಯಿಂದಲೂ ಬರಬಹುದು. ಆಕೆಗೆ ಒಬ್ಬ ತಮ್ಮ ಇದ್ದ, ಮದುವೆ ಗೊತ್ತಾಗಿತ್ತು. ಆಕೆಯ ತಂದೆತಾಯಿಯ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು ಅಂತ ಹೇಳಿದೆ. ಎಲ್ಲರ ಊಹೆ ತಾಯಿಯ ಕಡೆಗೇ ಇತ್ತು. ಬಂದದ್ದು ತಂದೆಯದು: 45, ಅದೇ 14 ಮತ್ತು 21.

ಅವರಿಗೆ 62 ವರ್ಷ. “ಇಷ್ಟು ವರ್ಷ ಯಾರೂ ಹೇಳ್ಲಿಲ್ವಲ್ಲಮ್ಮ” ಅಂದರು ನನಗೆ. ಇಬ್ಬರು ಮಕ್ಕಳು, ಒಂದು ಗರ್ಭವೂ ಹೋಗಿರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಈ ಜೋಡಣೆ ಗಂಡಸಿನಲ್ಲಿದ್ದಾಗ ಡೌನ್ ಇರುವ ಮಗು ಹುಟ್ಟುವ ಸಾಧ್ಯತೆ ಸುಮಾರು ನೂರಕ್ಕೆ ಒಂದು, ಇಲ್ಲವೇ ಅದಕ್ಕೂ ಕಡಿಮೆ. ಹೆಂಗಸಿನಲ್ಲಿದ್ದಾಗ ನೂರಕ್ಕೆ ಹತ್ತರಿಂದ ಹದಿನೈದು. ಅದೇ ತಂತು ತಂದೆಯಲ್ಲಿ ಸುಮ್ಮನೆ ಕೂತಿತ್ತು, ಮಗಳಲ್ಲಿ ಎದ್ದು ಕಾಣಿಸಿತು.

ಯಾವುದಕ್ಕೆ ಯಾವುದು ಕೂಡಿದೆ ಅನ್ನುವುದು ಇಲ್ಲಿ ಬಹಳ ಮುಖ್ಯ. 13 ಮತ್ತು 14 ಕೂಡಿದ್ದರೆ ಡೌನ್‌ನ ಮಾತೇ ಬರುವುದಿಲ್ಲ. 21ಕ್ಕೆ 21 ಕೂಡಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಡೌನ್ ಇರುತ್ತದೆ. ಮೂವರಿಗೂ 45 ಅಂತಲೇ ಬರೆದಿರುತ್ತದೆ. ಸಂಖ್ಯೆಯನ್ನಷ್ಟೇ ಓದಿ ಸಮಾಧಾನಪಡುವುದು, ಗಾಬರಿಯಾಗುವುದು ಎರಡೂ ಬೇಡ ಅನ್ನುವುದು ಇದಕ್ಕೇ.

ತಂದೆಯ ರಿಪೋರ್ಟ್ ಬಂದ ಮೇಲೆ ಮನೆಯ ಮಾತಿನ ಧಾಟಿ ಬದಲಾಯಿತಂತೆ. ಬೀಗರಿಗೆ ಏನೋ ಕಮ್ಮಿ ಇದೆ ಅನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಸೊಸೆಗೆ ಅನ್ನುವುದು ಸುಲಭವಿತ್ತು.

ಮೂರನೇ ಸಲ

ಮುಂದಿನ ದಾರಿಗಳನ್ನು ಮುಂದಿಟ್ಟೆ. ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಮೊದಲೇ ಪರೀಕ್ಷಿಸಿ ಗರ್ಭಕ್ಕೆ ಸೇರಿಸಬಹುದು. ಇಲ್ಲವೇ ಸಹಜವಾಗಿ ಗರ್ಭ ನಿಂತ ಮೇಲೆ ಮಾಸಿನ ಚೂರು ಅಥವಾ ಗರ್ಭದ ನೀರು ತೆಗೆದು ನೋಡಬಹುದು. ಪರೀಕ್ಷೆಯೇ ಬೇಡ ಅಂತಲೂ ಇರಬಹುದು. ಇಂಥದ್ದೇ ಮಾಡಿ ಅಂತ ನಾನು ಹೇಳುವುದಿಲ್ಲ. ಹೇಳಬಾರದು ಕೂಡ. ಅವರು ಎರಡನೆಯದನ್ನು ಆರಿಸಿಕೊಂಡರು.

ಗರ್ಭ ನಿಂತಿತು. ಹನ್ನೆರಡನೇ ವಾರದಲ್ಲಿ ಮಾಸಿನ ಚೂರು ತೆಗೆದರು. ರಿಪೋರ್ಟ್ ಬಂತು: 45. ಫೋನಿನಲ್ಲಿ ಗಂಡನ ದನಿ ಕೇಳಿ ನನಗೇ ನಗು ಬಂತು. “ಮೇಡಂ, 45! ಮೊದಲು ಅದು ನೋಡಿ, ಆಮೇಲೆ ಪಕ್ಕದಲ್ಲಿ ಬರೆದಿರೋದೂ ಓದಿದೆ. ಕೂಡಿಕೊಂಡದ್ದು ಒಂದು, ಬಿಡಿ 14 ಒಂದು, ಬಿಡಿ 21 ಒಂದು. ಸರಿ ಇದೆ ಅಲ್ವಾ?”

ಸರಿ ಇತ್ತು. ಆದರೂ ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಅದನ್ನು ಮೊದಲೇ ಹೇಳಿದ್ದೆ. 14ನೇ ತಂತುವಿನ ಕೆಲವು ಜೀನ್‌ಗಳು ತಾಯಿಯಿಂದ ಬಂದಾಗ ಒಂದು ಥರ, ತಂದೆಯಿಂದ ಬಂದಾಗ ಇನ್ನೊಂದು ಥರ ಕೆಲಸ ಮಾಡುತ್ತವೆ. ಹಾಗಾಗಿ ಇಬ್ಬರದೂ ಒಂದೊಂದು ಬೇಕು. ಅಪರೂಪಕ್ಕೆ ಭ್ರೂಣ ಮೂರು 14 ಇಟ್ಟುಕೊಂಡು ಶುರುವಾಗುತ್ತದೆ, ಆಮೇಲೆ ಒಂದನ್ನು ಕಳೆದುಕೊಂಡು ಬದುಕುತ್ತದೆ. ಕಳೆದುಕೊಂಡದ್ದು ತಂದೆಯದಾದರೆ ಉಳಿದ ಎರಡೂ ತಾಯಿಯವು. ಲೆಕ್ಕ ಸರಿ, ಸರಕು ಸರಿ, ಆದರೂ ಮಗುವಿನ ಬೆಳವಣಿಗೆಯಲ್ಲಿ ತೊಂದರೆ. ಸೂಕ್ಷ್ಮದರ್ಶಕದಲ್ಲಿ ಇದು ಕಾಣುವುದಿಲ್ಲ, ತಂದೆತಾಯಿಯ ಡಿಎನ್‌ಎ ಜೊತೆ ಹೋಲಿಸಿಯೇ ನೋಡಬೇಕು. ಹೋಲಿಸಿದರು. ಒಂದು 14 ತಾಯಿಯದು, ಒಂದು ತಂದೆಯದು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ತಾತ, ಮಗಳು, ಮೊಮ್ಮಗಳು ಮೂವರಿಗೂ 45. ತಮ್ಮನ ರಿಪೋರ್ಟ್ ಅದೇ ತಿಂಗಳು ಬಂತು. ಅವನಿಗೆ 46, ಕೂಡಿಕೊಂಡದ್ದು ಏನೂ ಇಲ್ಲ. ಅವನ ಕಡತವನ್ನು ಮುಚ್ಚಿದೆ. ಮಗುವಿನ ಕಡತ ತೆರೆದೇ ಇದೆ. ಅದರಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ: ಈಗ ಯಾವ ಚಿಕಿತ್ಸೆಯೂ ಬೇಡ, ದೊಡ್ಡವಳಾದ ಮೇಲೆ ಅವಳಿಗೆ ತಿಳಿಸುವುದು, ಮೂರು ಪಟ್ಟಿಗಳನ್ನು ತೋರಿಸಿ.